ನಾನಾ ಮಿಜುಕಿ ಮೊದಲು ಗಾಯಕಿ

ಜಪಾನಿನ ಕಂಠದಾನ ಕಲಾವಿದೆ, ಗಾಯಕಿ ನಾನಾ ಮಿಜುಕಿ ಬಗ್ಗೆ ಲೇಖನ ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೆ ಅವರು ಡಬ್ಬಿಂಗ್‌ನಲ್ಲಿ ಹೆಸರಾದ ಮೇಲೆ ಹಾಡೋಕೆ ಬಂದವರು ಅನ್ನೋ ಅದರಲ್ಲಿನ ಮಾತನ್ನು ನಾನು ಒಪ್ಪಲ್ಲ. ಎಹಿಮೆ ಪ್ರಾಂತ್ಯದ ನೀಹಾಮಾ ಊರಿನ ಈ ಹುಡುಗಿಗೆ ಚಿಕ್ಕಂದಿನಿಂದಲೇ ಎಂಕಾ ಹಾಡು ಕಲಿಸಿದ್ದು ಅವರ ಅಪ್ಪ. ಎಂಕಾ ಅಂದರೆ ಜಪಾನಿನ ಹಳೇ ಧಾಟಿಯ ಹಾಡು, ಗಂಟಲಲ್ಲಿ ಸ್ವರ ತಿರುಗಿಸೋದೇ ಅದರ ಜೀವ. ಆ ಪಳಗಿದ ಗಂಟಲು ಅವರ ರಾಕ್ ಹಾಡುಗಳಲ್ಲೂ ಕೇಳಿಸುತ್ತದೆ. ಉದ್ದದ ಸ್ವರದ ಕೊನೆಯಲ್ಲಿ ಗಮನಿಸಿ.

ಜಪಾನಿನ ಅನಿಮೆ (ಕಾರ್ಟೂನ್) ಸರಣಿ 'ನರುಟೊ'ದ ಹಿನಾಟಾ ನೆನಪಿದ್ದಾಳಲ್ವಾ? ಮಾತು ತಡವರಿಸುವ, ನಾಚಿಕೆಯ ಹುಡುಗಿ. ಆ ಪಿಸುಮಾತು ಇವರದೇ. ಅದೇ ದನಿ 2011ರ ಡಿಸೆಂಬರ್‌ನಲ್ಲಿ ಎರಡು ದಿನ ಟೋಕಿಯೋ ಡೋಮ್ ಎಂಬ ದೊಡ್ಡ ಕ್ರೀಡಾಂಗಣ ತುಂಬಿಸಿತು. ಇಷ್ಟು ಮೆತ್ತಗೆ ಮಾತಾಡೋಕೂ ಉಸಿರಿನ ಮೇಲೆ ಹಿಡಿತ ಬೇಕು. ಅದು ಹಾಡಿನಿಂದಲೇ ಬಂತು ಅಂತ ನನ್ನ ನಂಬಿಕೆ.

ಗಾಯಕಿಯಾಗಿ ಮೊದಲ ಸಿಂಗಲ್ ಬಂದಿದ್ದು 2000ದಲ್ಲಿ. ಜಪಾನಿನಲ್ಲಿ ಹಾಡುಗಳ ಮಾರಾಟ ಲೆಕ್ಕ ಹಾಕುವ ಒರಿಕಾನ್‌ನ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 2009ರಲ್ಲಿ. ಕಂಠದಾನ ಕಲಾವಿದೆಯೊಬ್ಬರಿಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಅದೇ ವರ್ಷದ ಕೊನೆಯ ರಾತ್ರಿ ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯ 'ಕೊಹಾಕು' ಎಂಬ ಹಾಡಿನ ಕಾರ್ಯಕ್ರಮದಲ್ಲಿ ಹಾಡಿದರು. ಜಪಾನಿನಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮ ಅದು. ಅನಿಮೆ ನೋಡದ ಹಿರಿಯರಿಗೂ ಆಗ ಇವರ ಮುಖ ಪರಿಚಯವಾಯಿತು. ಅದನ್ನು ಅವರ ಅಪ್ಪ ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಲೇಖನದಲ್ಲಿ ಇದಕ್ಕೆ ಒಂದು ಸಾಲಾದರೂ ಇರಬೇಕಿತ್ತು.