ಫ್ಯಾಕಾಪ್ಸ್ ಕುಲವನ್ನು ಒಡೆದದ್ದು ಸರಿಯೇ?

ಪರ

ಫ್ಯಾಕಾಪ್ಸ್ ಅಂದರೆ ಟ್ರೈಲೋಬೈಟ್‌ಗಳ, ಅಂದರೆ ಹಳೇ ಸಮುದ್ರಗಳಲ್ಲಿದ್ದು ಅಳಿದುಹೋದ ಚಿಪ್ಪಿನ ಪ್ರಾಣಿಗಳ, ಒಂದು ಕುಲ (ಜೀನಸ್). ಅದನ್ನು ಒಡೆಯಲೇಬೇಕಿತ್ತು. ತಡವಾಯಿತು ಅಷ್ಟೇ. 1839ರಲ್ಲಿ ಜರ್ಮನ್ ವಿಜ್ಞಾನಿ ಎಮ್ರಿಕ್ ಈ ಕುಲಕ್ಕೆ ಹೆಸರಿಟ್ಟರು. ಆಮೇಲೆ ಯುರೋಪ್, ಮೊರಾಕೊ, ಅಮೆರಿಕ, ಎಲ್ಲಿ ದಪ್ಪ ಕಣ್ಣಿನ, ಉಬ್ಬು ಹಣೆಯ ಡಿವೋನಿಯನ್ ಕಾಲದ (ಸುಮಾರು 40 ಕೋಟಿ ವರ್ಷ ಹಿಂದಿನ) ಟ್ರೈಲೋಬೈಟ್ ಸಿಕ್ಕರೂ ಫ್ಯಾಕಾಪ್ಸ್ ಅಂತ ಸುಮ್ನೆ ಒಳಗೆ ತುರುಕಿದರು.

ಆ ಕಣ್ಣನ್ನು ಭೂತಗನ್ನಡಿ ಹಿಡಿದು ನೋಡಿ. ಒಂದೊಂದು ಮಸೂರವೂ ದುಂಡಗೆ, ಬಿಡಿಬಿಡಿಯಾಗಿ, ನೀಟಾಗಿ ಸಾಲು ಹಿಡಿದು ಕೂತಿರುತ್ತದೆ. ಚೆಂದವೇನೋ ಹೌದು. ಆದರೆ ಫ್ಯಾಕಾಪ್ಸ್ ಸೇರುವ ಫ್ಯಾಕಾಪಿಡೇ ಕುಟುಂಬದಲ್ಲಿ ಕಣ್ಣಿರುವ ಎಲ್ಲಕ್ಕೂ ಅಂಥದ್ದೇ ಕಣ್ಣು. ಮೈ ಉಂಡೆಯಾಗಿ ಸುತ್ತಿಕೊಳ್ಳುವುದೂ ಹಾಗೇ. ಮನೆಮಂದಿಗೆಲ್ಲ ಇರುವ ಮೂಗನ್ನು ತೋರಿಸಿ ಇವರಿಬ್ಬರು ಮಾತ್ರ ಒಡಹುಟ್ಟಿದವರು ಅನ್ನೋಕಾಗುತ್ತಾ? ಕುಲ ಅಂದರೆ ಒಂದೇ ಪೂರ್ವಜನಿಂದ ಬಂದ ಗುಂಪಾಗಿರಬೇಕು. ಕಂಡದ್ದನ್ನೆಲ್ಲ ಹಾಕುವ ಡಬ್ಬಿ ಅಲ್ಲ.

ಫ್ಯಾಕಾಪ್ಸ್‌ನ ಮಾದರಿ ಪ್ರಭೇದ, ಅಂದರೆ ಕುಲದ ಹೆಸರು ಅಂಟಿಕೊಂಡಿರುವ ಪ್ರಭೇದ, ಜರ್ಮನಿಯ ಐಫೆಲ್ ಸೀಮೆಯ ಲ್ಯಾಟಿಫ್ರಾನ್ಸ್. ಅಮೆರಿಕದ ಫ್ಯಾಕಾಪ್ಸ್ ರಾನಾ ಎಂಬ ಪ್ರಭೇದ ಅದರ ಗುಂಪಿಗೆ ಸೇರುವುದಿಲ್ಲ ಅಂತ ಪಳೆಯುಳಿಕೆ ತಜ್ಞ ಸ್ಟ್ರೂವೆ 1990ರಲ್ಲಿ ಎಲ್ಡ್ರೆಜಾಪ್ಸ್ ಎಂಬ ಹೊಸ ಕುಲ ಕಟ್ಟಿದರು. ಒಳ್ಳೆಯದಾಯಿತು. ಇನ್ನು "ಹಳೇ ಹೆಸರೇ ರೂಢಿ ಆಗಿದೆ" ಅನ್ನೋರಿಗೆ ಏನು ಹೇಳಲಿ? ಅದು ವಾದವಲ್ಲ, ಸೋಮಾರಿತನ.

ವಿರೋಧ

ಈ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಸ್ಟ್ರೂವೆ ಹೇಳಿದ್ದು ತಪ್ಪು ಅಂತ ನಾನೂ ಅನ್ನಲಾರೆ. ಆದರೂ ಹೀಗೇ ಒಡೆಯುತ್ತಾ ಹೋದರೆ ನಾಳೆ ಕಲ್ಲುಗಣಿಗೊಂದು ಕುಲ ಆಗುತ್ತದೆ, ಅಲ್ವಾ?

ಅಮೆರಿಕದ ಪಳೆಯುಳಿಕೆ ತಜ್ಞ ಎಲ್ಡ್ರೆಜ್ ಈ ರಾನಾದ ಕಣ್ಣಿನ ಮಸೂರದ ಸಾಲುಗಳನ್ನು ಎಣಿಸಿದರು. 18 ಇದ್ದದ್ದು 17 ಆದದ್ದನ್ನು ಗುರುತಿಸಿದರು. ವಿಕಾಸ ತುಂಬ ಕಾಲ ನಿಂತು, ಆಮೇಲೆ ಬೇಗ ಬೇಗ ನಡೆಯುತ್ತದೆ ಅಂತ 1972ರಲ್ಲಿ ಇನ್ನೊಬ್ಬ ತಜ್ಞ ಗೂಲ್ಡ್ ಜೊತೆ ವಾದ ಮಂಡಿಸಿದರು. ಆ ಬರಹಗಳಲ್ಲೆಲ್ಲ ಇರುವ ಹೆಸರು ಫ್ಯಾಕಾಪ್ಸ್ ರಾನಾ. ಈಗ ಎಲ್ಡ್ರೆಜ್ ಗೌರವಕ್ಕೇ ಅಂತ ಎಲ್ಡ್ರೆಜಾಪ್ಸ್ ಅಂದು ಆ ಹೆಸರನ್ನು ತೆಗೆದುಹಾಕಿದ್ದಾರೆ! ಪೆನ್ಸಿಲ್ವೇನಿಯಾ 1988ರಲ್ಲಿ ರಾಜ್ಯದ ಪಳೆಯುಳಿಕೆ ಅಂತ ಆರಿಸಿಕೊಂಡದ್ದೂ ಫ್ಯಾಕಾಪ್ಸ್ ರಾನಾವನ್ನೇ. ಎರಡೇ ವರ್ಷಕ್ಕೆ ಕುಲ ಬದಲಾಯಿತು.

ಹಿಂದೆ ಒಂದು ಸಂಗ್ರಹಾಲಯದಲ್ಲಿ ಡ್ರಾಯರ್ ಜೋಡಿಸುವ ಕೆಲಸ ಮಾಡುತ್ತಿದ್ದೆ. ಅಮೆರಿಕದ ಓಹಿಯೋದ ಸಿಲಿಕಾ ಶೇಲ್ ಎಂಬ ಕಲ್ಲಿನ ಪದರದಿಂದ ಬಂದ ಒಂದೇ ಪ್ರಾಣಿಯ ಎರಡು ಟ್ರೇ ಇದ್ದವು. ಒಂದರ ಚೀಟಿಯಲ್ಲಿ ಶಾಯಿ ಮಾಸಿದ "ಫ್ಯಾಕಾಪ್ಸ್". ಇನ್ನೊಂದರಲ್ಲಿ ಪ್ರಿಂಟ್ ಆದ "ಎಲ್ಡ್ರೆಜಾಪ್ಸ್". ಜೊತೆಗಿದ್ದ ಹುಡುಗ ಎರಡು ಬೇರೆ ಬೇರೆ ಪ್ರಾಣಿ ಅಂತ ಪಟ್ಟಿ ಬರೆದ. ಅದು ಕಂಪ್ಯೂಟರಿಗೂ ಏರಿತು. ತಿದ್ದಿಸಿ ಅಂತ ಕೇಳಿದರೆ ಮೇಲಿನವರು, "ಚೀಟಿಯಲ್ಲಿ ಇದ್ದ ಹಾಗೇ ಇರಲಿ, ಕೈ ಹಾಕಬೇಡಿ" ಅಂದರು. ನಾನು ಜಾಸ್ತಿ ಜಗಳ ಮಾಡಲಿಲ್ಲ. ಕುಲ ಒಡೆಯುವ ಪಂಡಿತರು ಚೀಟಿ ಬದಲಿಸೋಕೂ ಬರಲಿ.