ಕುಡಿಯುವ ಮುಂಚಿನ ಅನಾಹುತಗಳು

ಕುಡಿದ ಮೇಲಿನ ಅವಾಂತರಗಳು ಊರಿಗೆಲ್ಲ ಗೊತ್ತು. ಹಾಸ್ಯ ಬರೆಯುವವರು ಅವನ್ನೇ ನಂಬಿ ಎಷ್ಟೋ ಕಾಲದಿಂದ ಹೊಟ್ಟೆ ಹೊರೆದಿದ್ದಾರೆ. ಆದರೆ ಒಂದು ಗುಟುಕೂ ಗಂಟಲಿಗಿಳಿಯುವ ಮುನ್ನ, ಮೈಮೇಲೆ ಪೂರ್ತಿ ಎಚ್ಚರವಿದ್ದಾಗಲೇ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಮಾಡಿಕೊಳ್ಳುವ ಅವಾಂತರಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಕಾಕ್‌ಟೇಲ್ ಮಾಡುವವರನ್ನು ಕೇಳಿ ನೋಡಿ: ಸೂರಿಗೆ ಸಿಡಿದ ಸೋಡಾ, ಎಷ್ಟು ತಿರುಚಿದರೂ ಬಿಡದ ಶೇಕರ್, ಕಣ್ಣಿಗೇ ಗುರಿಯಿಟ್ಟ ನಿಂಬೆರಸ. ಇದರಲ್ಲಿ ಮದ್ಯದ ತಪ್ಪು ಒಂದು ತೊಟ್ಟೂ ಇಲ್ಲ. ತಪ್ಪೆಲ್ಲ ನೀರಿನದು, ಗಾಳಿಯದು, ಮುಚ್ಚಳದ್ದು.

ಶೇಕರನ್ನೇ ತೆಗೆದುಕೊಳ್ಳಿ. ಬಾಸ್ಟನ್ ಶೇಕರ್ ಅಂದರೆ ಒಂದು ದೊಡ್ಡ ಸ್ಟೀಲ್ ಲೋಟ, ಇನ್ನೊಂದು ಚಿಕ್ಕದು, ಅಷ್ಟೇ. ಚಿಕ್ಕದರಲ್ಲಿ ಸಾಮಗ್ರಿ, ಅದರ ಮೇಲೆ ಐಸ್, ದೊಡ್ಡದನ್ನು ಕವುಚಿ ಮೇಲೊಂದು ಗುದ್ದು, ಆಮೇಲೆ 12 ಸೆಕೆಂಡು ಜೋರಾಗಿ ಕುಲುಕುವುದು. ಕುಲುಕುತ್ತಿದ್ದಂತೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ಎರಡೂ ಲೋಟಗಳನ್ನು ಒಂದರೊಳಗೊಂದು ಒತ್ತುತ್ತದೆ. ಕಚ್ಚಿಕೊಂಡಿತು. ಈಗ ತಿರುಚುವುದು, ಮೊಣಕಾಲ ಮಧ್ಯೆ ಇಟ್ಟು ಎಳೆಯುವುದು, ಕೊನೆಗೆ ಕಟ್ಟೆಯ ಅಂಚಿಗೆ ಕುಟ್ಟುವುದು ಶುರು. ಕುಟ್ಟಿದರೆ ಬಿಡುತ್ತದೆ, ನಿಜ. ಆದರೆ ದುಂಡಗಿದ್ದ ಬಾಯಿ ಅಂಡಾಕಾರವಾಗಿ, ಅಂದಿನಿಂದ ಅದು ಜೀವಮಾನವಿಡೀ ಸೋರುತ್ತದೆ. ಬಿಡಿಸುವ ಕೀಲು ಬೇರೆಯೇ ಇದೆ. ಚಿಕ್ಕ ಲೋಟವನ್ನು ನೆಟ್ಟಗೆ ಕೂರಿಸದೆ ತುಸು ವಾಲಿಸಿ ಕೂರಿಸಬೇಕು. ಆಗ ಒಂದು ಬದಿಯಲ್ಲಿ ಎರಡೂ ಲೋಟಗಳ ಗೋಡೆ ಒಂದೇ ಗೆರೆಯಲ್ಲಿ ಇರುತ್ತದೆ, ಎದುರು ಬದಿಯಲ್ಲಿ ಸಂದು ಬಿಟ್ಟಿರುತ್ತದೆ. ಗೆರೆ ಸೇರಿದ ಜಾಗದಿಂದ ಕಾಲು ಸುತ್ತು ಪಕ್ಕಕ್ಕೆ, ಅಂದರೆ ಸಂದು ಶುರುವಾಗುವಲ್ಲಿ, ದೊಡ್ಡ ಲೋಟದ ಅಂಚಿಗೆ ಅಂಗೈ ಬುಡದಿಂದ ಒಂದೇ ಪೆಟ್ಟು. ಟಕ್ ಅಂತ ಬಿಡುತ್ತದೆ. ಸಂದಿನ ನಡುವಿಗೆ ಹೊಡೆದರೆ ಬಿಡುವುದಿಲ್ಲ, ಅಂಗೈ ಮಾತ್ರ ನೋಯುತ್ತದೆ.

ಮೂರು ಭಾಗದ ಕಾಬ್ಲರ್ ಶೇಕರ್ ನೋಡಲು ಸಾಧು, ಸ್ವಭಾವದಲ್ಲಿ ಹಠಮಾರಿ. ಜಾಲರಿ ಇರುವ ಮುಚ್ಚಳಕ್ಕೆ ಪುಟ್ಟ ಟೋಪಿಯನ್ನು ಮೊದಲೇ ಹಾಕಿಟ್ಟು, ಎರಡನ್ನೂ ಒಟ್ಟಿಗೆ ಒತ್ತಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಕುಲುಕುವಾಗ ಮುಚ್ಚಳವನ್ನು ಎತ್ತಿ ಒಗೆಯುತ್ತದೆ. ಮೊದಲು ಜಾಲರಿ, ಆಮೇಲೆ ಟೋಪಿ. ಟೋಪಿ ಕಚ್ಚಿಕೊಂಡರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಸುತ್ತ ಹತ್ತು ಸೆಕೆಂಡು ಹಿಡಿದರೆ ಸಾಕು. ಮೊಟ್ಟೆಯ ಬಿಳಿ ಹಾಕಿ ಐಸ್ ಇಲ್ಲದೆ ಕುಲುಕುವಾಗ ಮಾತ್ರ ಕತೆ ಉಲ್ಟಾ: ತಣ್ಣಗಾಗುವುದೇ ಇಲ್ಲವಾದ್ದರಿಂದ ಕಚ್ಚಿಕೊಳ್ಳುವುದೂ ಇಲ್ಲ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯದಿದ್ದರೆ ಗೋಡೆಗೆ ಬಿಳಿ ನೊರೆಯ ಅಲಂಕಾರ. ಪಳಗಿದವರು ಯಾವತ್ತೂ ಚಿಕ್ಕ ಲೋಟವನ್ನು ತಮ್ಮ ಕಡೆಗೇ ತಿರುಗಿಸಿ ಕುಲುಕುತ್ತಾರೆ. ಸೋರಿದರೆ ತನ್ನ ಅಂಗಿಗೇ ಸೋರಲಿ, ಎದುರು ಕೂತವರ ಹೊಸ ಬಟ್ಟೆ ಉಳಿಯಲಿ ಎಂಬ ತ್ಯಾಗಬುದ್ಧಿ.

ಸೋಡಾ, ಟಾನಿಕ್ ನೀರು, ಜಿಂಜರ್ ಬಿಯರ್, ಗುಳ್ಳೆಯೇಳುವ ಇವು ಯಾವುದೂ ಶೇಕರಿನ ಒಳಗೆ ಹೋಗಬಾರದು. ಇದನ್ನು ವಿವರಿಸಬೇಕಾಗಿಲ್ಲ, ಮಾಡಿದವರ ಮನೆಯ ಸೂರೇ ವಿವರಿಸುತ್ತದೆ.

ಇನ್ನು ಐಸ್. ಮನೆಯ ಕಾಕ್‌ಟೇಲ್ ಕೆಡುವುದೇ ಹೆಚ್ಚಾಗಿ ಇಲ್ಲಿ, ಯಾಕೆಂದರೆ ಐಸನ್ನು ಯಾರೂ ಸಾಮಗ್ರಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕುಲುಕಿದ ಪಾನೀಯದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕರಗಿದ ಐಸಿನ ನೀರೇ ಇರುತ್ತದೆ. ಆ ನೀರು ಬೇಕು, ಅದಿಲ್ಲದಿದ್ದರೆ ಗಂಟಲು ಸುಡುತ್ತದೆ. ಆದರೆ ಫ್ರೀಜರಿನಲ್ಲಿ ಐಸ್ ಟ್ರೇಯ ಪಕ್ಕದಲ್ಲೇ ಮೂರು ವಾರದ ಮೀನೂ ಬೆಳ್ಳುಳ್ಳಿ ಪೇಸ್ಟೂ ಸಂಸಾರ ಹೂಡಿದ್ದರೆ, ಆ ಕಾಲುಭಾಗ ಏನೆಂದು ಊಹಿಸಿ. ಸಿಲಿಕೋನ್ ಟ್ರೇಗಳಂತೂ ವಾಸನೆಯನ್ನು ಹೀರಿ ಜೋಪಾನವಾಗಿಡುತ್ತವೆ. ಐಸ್ ಗಟ್ಟಿಯಾದ ಕೂಡಲೇ ಟ್ರೇಯಿಂದ ಬಿಡಿಸಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಹಾಕಿಡಿ. ಟ್ರೇಗೆ ಆಗಲೇ ವಾಸನೆ ಹಿಡಿದಿದ್ದರೆ ಖಾಲಿ ಟ್ರೇಯನ್ನು ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ ಬಿಸಿಮಾಡಿದರೆ ಬಹುಪಾಲು ಹೋಗುತ್ತದೆ. ಸಿಲಿಕೋನ್‌ದಕ್ಕೆ ಮಾತ್ರ, ಅದೂ ಅಷ್ಟು ಶಾಖ ತಡೆಯುತ್ತದೆಂದು ಟ್ರೇಯ ಮೇಲೆ ನಮೂದಿಸಿದ್ದರೆ. ಪ್ಲಾಸ್ಟಿಕ್ ಟ್ರೇಯನ್ನು ಓವನ್ನಿಗಿಟ್ಟರೆ ಆಗುವುದು ಬೇರೆಯೇ ಅನಾಹುತ.

ನೀರು ಸೇರುವುದೇ ಬೇಡ ಎನ್ನುವವರಿಗಾಗಿ, ಫ್ರೀಜರಿನಲ್ಲಿ ತಣಿಸಿ ಐಸಿನ ಬದಲು ಲೋಟಕ್ಕೆ ಹಾಕುವ ವಿಸ್ಕಿ ಕಲ್ಲುಗಳು ಬಂದವು. ಉಡುಗೊರೆ ಕೊಡಲು ಬಹಳ ಒಳ್ಳೆಯ ವಸ್ತು, ಬಳಸಲು ಅಷ್ಟಕ್ಕಷ್ಟೆ. ಐಸ್ ತಂಪು ಕೊಡುವುದು ತಾನು ತಣ್ಣಗಿರುವುದರಿಂದಲ್ಲ, ಕರಗುವುದರಿಂದ. ಒಂದು ಗ್ರಾಂ ಐಸ್ ಕರಗಲು ಸುಮಾರು 334 ಜೂಲ್ ಶಾಖವನ್ನು ಮದ್ಯದಿಂದ ಕಿತ್ತುಕೊಳ್ಳುತ್ತದೆ. ಕಲ್ಲು ಕರಗುವುದಿಲ್ಲವಲ್ಲ, ಸ್ವಲ್ಪ ಹೊತ್ತಿಗೇ ಅದು ಮದ್ಯದಷ್ಟೇ ಬೆಚ್ಚಗಾಗಿ ಲೋಟದ ತಳದಲ್ಲಿ ಸುಮ್ಮನೆ ಕೂತಿರುತ್ತದೆ. ಕೊನೆಯ ಗುಟುಕಿಗೆ ಲೋಟ ಎತ್ತಿದಾಗ ಮಾತ್ರ ಹಲ್ಲಿಗೆ ಬಡಿದು ತಾನಿದ್ದೇನೆಂದು ನೆನಪಿಸುತ್ತದೆ. ಬೇಕಿರುವುದು ದೊಡ್ಡ ಐಸ್. ಐದು ಸೆಂಟಿಮೀಟರಿನ ಒಂದು ತುಂಡಿಗೆ ಅಷ್ಟೇ ತೂಕದ ಚಿಕ್ಕ ತುಂಡುಗಳಿಗಿಂತ ಹೊರಮೈ ಕಡಿಮೆ, ಹಾಗಾಗಿ ನಿಧಾನ ಕರಗುತ್ತದೆ.

ಗಾಜಿನಂಥ ತಿಳಿ ಐಸಿಗೆ ನೀರನ್ನು ಎರಡು ಸಲ ಕುದಿಸಬೇಕೆಂದು ಹೇಳುವವರು ಇನ್ನೂ ಇದ್ದಾರೆ. ಕುದಿಸಿ ಗ್ಯಾಸ್ ಖರ್ಚಾಗುತ್ತದೆ, ಐಸ್ ಮಾತ್ರ ಬೆಳ್ಳಗೇ ಇರುತ್ತದೆ. ನೀರು ಎಲ್ಲ ಕಡೆಯಿಂದ ಹೆಪ್ಪುಗಟ್ಟಿದಾಗ ಅದರೊಳಗಿನ ಗಾಳಿ ನಡುವೆ ಸಿಕ್ಕಿಕೊಳ್ಳುವುದೇ ಆ ಬಿಳುಪಿಗೆ ಕಾರಣ. ತಂಪು ಕಾಯುವ ಸಣ್ಣ ಪಿಕ್ನಿಕ್ ಪೆಟ್ಟಿಗೆಗೆ ನೀರು ತುಂಬಿ, ಮುಚ್ಚಳ ತೆಗೆದು ಫ್ರೀಜರಿನಲ್ಲಿಟ್ಟರೆ ಮೇಲಿನಿಂದ ಕೆಳಕ್ಕೆ ಮಾತ್ರ ಹೆಪ್ಪುಗಟ್ಟುತ್ತದೆ, ಗಾಳಿ ಕೆಳಕೆಳಕ್ಕೆ ಸರಿಯುತ್ತದೆ. 18ರಿಂದ 24 ಗಂಟೆ ಬಿಟ್ಟು, ತಳದಲ್ಲಿ ಇನ್ನೂ ನೀರಿರುವಾಗಲೇ ಹೊರತೆಗೆಯಿರಿ. ಮರೆತು ಎರಡು ದಿನ ಬಿಟ್ಟರೆ ತಳದ ನೀರೂ ಹಿಗ್ಗಿ ಪೆಟ್ಟಿಗೆಯೇ ಬಿರುಕು ಬಿಡಬಹುದು. ತೆಗೆದ ಗಡ್ಡೆಗೆ ಕೂಡಲೇ ಚಾಕು ಹಾಕಬೇಡಿ. ಮೇಲಿನ ಮಂಜು ಮಾಯವಾಗಿ ಮೈ ಹೊಳೆಯುವವರೆಗೆ 10–15 ನಿಮಿಷ ಬಿಟ್ಟರೆ ಹೇಳಿದ ಹಾಗೆ ಸೀಳುತ್ತದೆ. ಅವಸರಪಟ್ಟರೆ ನೂರು ಚೂರು.

ಅಳತೆಯ ವಿಷಯಕ್ಕೆ ಬಂದರೆ ಕಣ್ಣಳತೆಯವರದೇ ಬಹುಮತ. ಸಾರಿಗೆ ಉಪ್ಪು ಹಾಕಿದ ಕೈ ಅಂತ ಹೆಮ್ಮೆ. ಸಾರಿನಲ್ಲಿ ಹೆಚ್ಚಾದದ್ದಕ್ಕೆ ನೀರು ಬೆರೆಸಬಹುದು, 100 ಮಿ.ಲೀ. ಪಾನೀಯದಲ್ಲಿ 5 ಮಿ.ಲೀ. ನಿಂಬೆರಸ ಹೆಚ್ಚಾದರೆ ಮುಖವೇ ಹಿಂಡಿದ ಹಾಗಾಗುತ್ತದೆ. ಸವರ್ ಎಂಬ ಹುಳಿಸಿಹಿ ಜಾತಿಯ ಯಾವುದೇ ಪಾನೀಯಕ್ಕೆ ಒಂದು ಸೂತ್ರ ಇಟ್ಟುಕೊಳ್ಳಿ: ಮದ್ಯ 60 ಮಿ.ಲೀ., ನಿಂಬೆರಸ 22, ಸಕ್ಕರೆ ಪಾಕ 22. ಜಿನ್, ರಮ್, ವಿಸ್ಕಿ ಯಾವುದಿದ್ದರೂ ನಡೆಯುತ್ತದೆ. ಹಾಕುವ ಕ್ರಮದಲ್ಲೂ ಜಾಣತನ ಇದೆ. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಮಧ್ಯದಲ್ಲಿ ಲೆಕ್ಕ ತಪ್ಪಿದರೆ ಚೆಲ್ಲುವುದು ನಿಂಬೆರಸವನ್ನು, ಬಾಟಲಿಯ ಪ್ರಾಣವನ್ನಲ್ಲ.

ನಿಂಬೆ ಹಿಂಡುವ ಕೈಯಂತ್ರದಲ್ಲಿ ಹತ್ತರಲ್ಲಿ ಎಂಟು ಜನ ಹೋಳನ್ನು ತಲೆಕೆಳಗಾಗಿಯೇ ಇಡುತ್ತಾರೆ ಎಂದರೆ ಅತಿಶಯೋಕ್ತಿ ಇರಬಹುದು, ಆದರೆ ಬಹಳವೇನಲ್ಲ. ಬಟ್ಟಲಿನ ಆಕಾರಕ್ಕೆ ಹೋಳಿನ ಬೆನ್ನು ಸರಿಯಾಗಿ ಕೂರುತ್ತದೆ ನೋಡಿ, ಅದೇ ಮೋಸ. ಕೊಯ್ದ ಮುಖ ಕೆಳಗೆ, ತೂತುಗಳ ಕಡೆಗೆ ಇರಬೇಕು. ಒತ್ತಿದಾಗ ಹೋಳು ಒಳಮಗ್ಗುಲು ಹೊರಗಾಗಿ ತಿರುಗಿ ರಸವೆಲ್ಲ ನೇರ ಕೆಳಗಿಳಿಯುತ್ತದೆ. ತಿರುಗಾಮುರುಗಾ ಇಟ್ಟರೆ ರಸ ಬದಿಯಿಂದ ಚಿಮ್ಮಿ ಕಣ್ಣು ಹುಡುಕಿಕೊಂಡು ಬರುತ್ತದೆ.

ಪಾಕಕ್ಕೆ ತೂಕಕ್ಕೆ ತೂಕ ಸಕ್ಕರೆ ಮತ್ತು ಬಿಸಿನೀರು, ಕರಗುವವರೆಗೆ ಕಲಕಿದರೆ ಮುಗಿಯಿತು. ಕೈ ಪಳಗಿದ ಅಡುಗೆಯವರು ಇಲ್ಲೇ ಎಡವುವುದು: ಒಲೆಯ ಮೇಲಿಟ್ಟು ಒಂದೆಳೆ ಪಾಕ ಬರಿಸುತ್ತಾರೆ, ಅದು ತಣ್ಣಗಿನ ಶೇಕರಿನ ತಳ ಹಿಡಿದು ಕೂರುತ್ತದೆ, ಫ್ರಿಜ್ಜಿನಲ್ಲಿ ಹರಳುಗಟ್ಟುತ್ತದೆ. ಸಮಪಾಕ ಫ್ರಿಜ್ಜಿನಲ್ಲಿ ಮೂರು ನಾಲ್ಕು ವಾರ ಬಾಳುತ್ತದೆ. ಒಳಗೆ ಹತ್ತಿಯ ಎಳೆಯಂಥದ್ದು ತೇಲಿದರೆ ಅದು ಬೂಷ್ಟು, ಸೋಸಿ ಬಳಸುವ ಲೆಕ್ಕಾಚಾರ ಬೇಡ.

ಕ್ರಾಫ್ಟ್ ಬಾಟಲಿಗಳಿಗೆ ಅವುಗಳದೇ ಲಹರಿ. ಸಣ್ಣ ಭಟ್ಟಿಯ ಜಿನ್ನಿಗೆ ಟಾನಿಕ್ ಸುರಿದ ಕೂಡಲೇ ಬೆಳ್ಳಗೆ ಮಬ್ಬಾದರೆ ಕೆಟ್ಟಿದೆಯೆಂದು ಬಚ್ಚಲಿಗೆ ಚೆಲ್ಲಿದವರಿದ್ದಾರೆ. ಅದು ಜುನಿಪರ್, ಕೊತ್ತಂಬರಿ ಬೀಜಗಳ ಸುಗಂಧ ತೈಲ. ಗಟ್ಟಿ ಮದ್ಯದಲ್ಲಿ ಕರಗಿದ್ದು ನೀರು ಸೇರಿದಾಗ ಹೊರಬರುತ್ತದೆ. ಎಣ್ಣೆ ಜಾಸ್ತಿ ಇದೆಯೆಂಬುದಕ್ಕೆ ಸಾಕ್ಷಿ, ಬೇರೇನಲ್ಲ. ಶಂಖಪುಷ್ಪ ಹಾಕಿದ ನೀಲಿ ಜಿನ್ ನಿಂಬೆ ಸೇರಿದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದೂ ಹುಳಿಯ ಕೈಚಳಕವೇ, ಗಾಬರಿ ಬೇಡ. ಬಿರಡೆಯ ಬಾಟಲಿಯನ್ನು ವೈನಿನ ಹಾಗೆ ಮಲಗಿಸಿಡುವುದು ಮಾತ್ರ ನಿಜವಾದ ತಪ್ಪು. ಶೇ 40ರ ಮದ್ಯ ಬಿರಡೆಯನ್ನು ತಿಂದು, ತೆರೆಯುವ ದಿನ ಅದು ಪುಡಿಯಾಗಿ ಒಳಗೇ ಬೀಳುತ್ತದೆ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದರೆ ಮದ್ಯ ಉಳಿಯುತ್ತದೆ, ಮರ್ಯಾದೆ ಉಳಿಯುವುದಿಲ್ಲ.

ಇಂಥ ಒಳ್ಳೆಯ ಮದ್ಯಕ್ಕೆ ನಾಲ್ಕು ಬಗೆಯ ಹಣ್ಣಿನ ರಸ ಸುರಿಯುವುದು ಅದರ ಬಾಯಿಗೆ ಬಟ್ಟೆ ತುರುಕಿದ ಹಾಗೆ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೇನೆಂದು ಓದುಗರಿಗೆ ವಿವರಿಸಿತ್ತು: ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿ ಸಾರ. ಅಷ್ಟೇ. ಓಲ್ಡ್ ಫ್ಯಾಷನ್ಡ್ ಇವತ್ತಿಗೂ ಅದೇ: ವಿಸ್ಕಿ 60 ಮಿ.ಲೀ., ಪಾಕ ಒಂದು ಟೀ ಚಮಚ, ಬಿಟರ್ಸ್ ಎರಡು ಚಿಮುಕು, ದೊಡ್ಡ ಐಸಿನ ಮೇಲೆ 30 ಸೆಕೆಂಡು ಕಲಕುವುದು, ಕಿತ್ತಳೆ ಸಿಪ್ಪೆಯನ್ನು ಮೇಲೆ ಹಿಂಡುವುದು. ಚಿಮುಕಿನಲ್ಲೂ ಒಂದು ಕುತಂತ್ರವಿದೆ. ತುಂಬಿದ ಬಿಟರ್ಸ್ ಬಾಟಲಿ ಜಿಪುಣ, ಅರ್ಧ ಖಾಲಿಯಾದದ್ದು ಧಾರಾಳಿ. ಅದೇ ಕೈ, ಅದೇ ಏಟು, ಒಂದು ತಿಂಗಳ ನಂತರ ಪಾನೀಯ ಕಷಾಯ. ಅಂದಹಾಗೆ ಅಂಗೊಸ್ಟುರಾ ಎಂಬ ಬಿಟರ್ಸ್ ಬಾಟಲಿಯ ಕಾಗದ ಕೊರಳಿನವರೆಗೂ ಬಂದು ದೊಗಳೆ ಅಂಗಿಯಂತೆ ಕಾಣುತ್ತದಲ್ಲ, ಒಬ್ಬ ಸಹೋದರ ಬಾಟಲಿಗೆ, ಇನ್ನೊಬ್ಬ ಚೀಟಿಗೆ ಅಳತೆ ಕೊಟ್ಟು ಪರಸ್ಪರ ಕೇಳದೇ ಹೋದದ್ದರ ಫಲ ಎಂಬ ಕತೆ ಪ್ರಸಿದ್ಧ.

ಮನೆ ಬಿಟ್ಟು ಹೊರಟರೆ ಅನಾಹುತವೂ ಜೊತೆಗೇ ಹೊರಡುತ್ತದೆ. ಜೇಬಿಗಿಳಿಯುವ ಚಪ್ಪಟೆ ಹಿಪ್ ಫ್ಲಾಸ್ಕಿಗೆ ಲಾಳಿಕೆ ಇಟ್ಟು ಸುರಿಯುವಾಗ ಲಾಳಿಕೆ ಬಾಯಿಗೆ ಗಟ್ಟಿಯಾಗಿ ಕೂತಿದ್ದರೆ ಒಳಗಿನ ಗಾಳಿಗೆ ದಾರಿಯಿಲ್ಲ. ಮದ್ಯ ಸ್ವಲ್ಪ ಹೊತ್ತು ನಿಂತು ಯೋಚಿಸಿ, ಆಮೇಲೆ ಗುಳುಕ್ ಎಂದು ಉಕ್ಕಿ ಮೇಜಿಗೆ ಬರುತ್ತದೆ. ಲಾಳಿಕೆಯನ್ನು ಎರಡು ಮಿಲಿಮೀಟರ್ ಎತ್ತಿ ಹಿಡಿದರೆ ಮುಗಿಯಿತು. ಫ್ಲಾಸ್ಕಿಗೆ ನೇರ ಮದ್ಯ ಮಾತ್ರ. ನಿಂಬೆರಸ, ವೈನ್, ಕ್ರೀಮ್ ಹಾಕಿದರೆ ಹುಳಿ ಲೋಹಕ್ಕೆ ತಗುಲುತ್ತದೆ, ತೊಳೆಯಲು ಕೈ ಹೋಗದ ಮೂಲೆಯಲ್ಲಿ ಹಾಲಿನಂಶ ಕೊಳೆಯುತ್ತದೆ. ಮದ್ಯವನ್ನೂ ಎರಡು ಮೂರು ದಿನಕ್ಕಿಂತ ಹೆಚ್ಚು ಬಿಡಬೇಡಿ, ಲೋಹದ ರುಚಿ ಹತ್ತುತ್ತದೆ. ಬರೀ ಬಿಸಿನೀರಲ್ಲಿ ಕುಲುಕಿ, ಮುಚ್ಚಳ ತೆರೆದು ಬೋರಲು ಒಣಗಿಸಿ. ಸೋಪು ಹಾಕಿದರೆ ಮುಂದಿನ ನಾಲ್ಕು ಸಲವೂ ವಿಸ್ಕಿಯಲ್ಲಿ ಸೋಪಿನ ಘಮ.

ನಿರ್ವಾತ ಫ್ಲಾಸ್ಕಿನ ಇತಿಹಾಸವೇ ಒಂದು ಎಡವಟ್ಟು. ಜೇಮ್ಸ್ ಡ್ಯೂವರ್ 1892ರಲ್ಲಿ ಕಂಡುಹಿಡಿದರು, ಪೇಟೆಂಟ್ ಮಾಡಿಸಲಿಲ್ಲ; ಆಮೇಲೆ ಥರ್ಮಾಸ್ ಕಂಪನಿ ಅದನ್ನು ಮಾರಿದಾಗ ಕೋರ್ಟಿಗೆ ಹೋಗಿ ಸೋತರು. ಅದನ್ನು ಇಡಿಯಾಗಿ ಫ್ರೀಜರಿನಲ್ಲಿಟ್ಟು ತಣಿಸಲು ಹೊರಡುವವರು ಇಂದಿಗೂ ಇದ್ದಾರೆ. ಒಳಗಿನ ತಂಪನ್ನು ಒಳಗಿಡುವ ವಸ್ತು ಹೊರಗಿನ ತಂಪನ್ನೂ ಅಷ್ಟೇ ನಿಷ್ಠೆಯಿಂದ ಹೊರಗಿಡುತ್ತದೆ. ಐಸ್‌ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಮೊದಲೇ ಬೆರೆಸಿ ತಣಿಸಿದ ಪಾನೀಯ ತುಂಬಬೇಕು. ನಾಲ್ಕು ಜನಕ್ಕೆ ನೆಗ್ರೋನಿ: ಜಿನ್, ಕ್ಯಾಂಪಾರಿ ಎಂಬ ಕಹಿ ಮದ್ಯ, ಸಿಹಿ ವರ್ಮೂತ್ ಎಂಬ ಗಿಡಮೂಲಿಕೆಯ ವೈನ್ ತಲಾ 120 ಮಿ.ಲೀ., ಕರಗಬೇಕಿದ್ದ ಐಸಿನ ಬದಲು ತಣ್ಣೀರು 80. ಒಟ್ಟು 440, ಅರ್ಧ ಲೀಟರ್ ಫ್ಲಾಸ್ಕಿಗೆ ಸರಿ. ನೀರನ್ನು ಮರೆತರೆ ಮೊದಲ ಲೋಟದಲ್ಲೇ ಮಾತು ತೊದಲುತ್ತದೆ. ನೊರೆಯ ಪಾನೀಯ ತುಂಬಿದರೆ ಒತ್ತಡ ಏರಿ, ಮುಚ್ಚಳ ತಿರುಗಿಸಿದವರ ಹಣೆಗೆ ಹಾರುತ್ತದೆ. ಮಡಚುವ ಸಿಲಿಕೋನ್ ಲೋಟವನ್ನು ಅಂಚಿನಲ್ಲಿರುವ ಗಟ್ಟಿ ಉಂಗುರ ಹಿಡಿದು ಎತ್ತಿ, ಹೊಟ್ಟೆ ಹಿಡಿದರೆ ಅದು ಮಡಚಿಕೊಂಡು ಪಾನೀಯವನ್ನು ಮಡಿಲಿಗೆ ಸುರಿಯುತ್ತದೆ. ತಾಮ್ರದ ಮಗ್ ಬೇಕೇ ಬೇಕೆಂದರೆ ಒಳಗೆ ಕಲಾಯಿಯೋ ಸ್ಟೀಲೋ ಇರುವುದನ್ನೇ ನೋಡಿ. ಬರಿಯ ತಾಮ್ರಕ್ಕೆ ನಿಂಬೆರಸ ಬಿದ್ದರೆ ತಾಮ್ರವೂ ಹೊಟ್ಟೆಗೆ ಹೋಗುತ್ತದೆ.

ಬಯಲಿನಲ್ಲಿ ಕೂತು ನಿಂಬೆ ಹಿಂಡಿದ ಕೈಯನ್ನು ಕೂಡಲೇ ಸೋಪಿನಲ್ಲಿ ತೊಳೆಯಿರಿ. ಸಿಪ್ಪೆಯಲ್ಲಿರುವ ಫ್ಯೂರೊಕೌಮರಿನ್ ಎಂಬ ಅಂಶ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ, ಒಂದೆರಡು ದಿನದಲ್ಲಿ ಕೆಂಪು ಬೊಬ್ಬೆ ಏಳುತ್ತದೆ, ಆಮೇಲೆ ವಾರಗಟ್ಟಲೆ ಉಳಿಯುವ ಕಂದು ಕಲೆ. ಆ ಕಲೆ ನೋಡಿದವರೆಲ್ಲ ಕೇಳುವುದು ಒಂದೇ: "ಎಷ್ಟು ಕುಡಿದಿದ್ರಿ ಸ್ವಾಮಿ?" ಆಗಿನ್ನೂ ಲೋಟಕ್ಕೆ ಐಸೇ ಬಿದ್ದಿರಲಿಲ್ಲ ಎಂದರೆ ಯಾರು ನಂಬುತ್ತಾರೆ.