ತಲೆಯಲ್ಲಿ ಕೊಬ್ಬು

"ತಲೇಲಿ ಬರೀ ಕೊಬ್ಬು ತುಂಬಿದೆ ನಿಂಗೆ." ಮೇಷ್ಟ್ರ ಬಾಯಲ್ಲಿ ನಾನು ಜಾಸ್ತಿ ಕೇಳಿದ ಮಾತು ಇದು. ಆ ಮಾತನ್ನೇ ಹೆಸರಾಗಿ ಹೊತ್ತ ಮೀನೊಂದು ಆಫ್ರಿಕಾದ ಕಾಂಗೋ ನದಿಯಲ್ಲಿದೆ. ಸ್ಟಿಯಾಟೊಕ್ರೇನಸ್ ಕ್ಯಾಸುವೇರಿಯಸ್. ಮೊದಲ ಪದ ಗ್ರೀಕಿನದು, ಕೊಬ್ಬಿನ ತಲೆಬುರುಡೆ ಅಂತ ಅರ್ಥ. ಬೈಗುಳ ಅಲ್ಲ, ಬಲಿತ ಗಂಡಿನ ಹಣೆ ಮೇಲೆ ನಿಜಕ್ಕೂ ಕೊಬ್ಬಿನ ಬುಗುಟೆ ಎದ್ದಿರುತ್ತದೆ. ಅಕ್ವೇರಿಯಂನವರಲ್ಲಿ ಕೆಲವರಿಗೆ ಅದು ಕಾಡೆಮ್ಮೆಯ ತಲೆಯಂತೆ ಕಂಡಿತು, ಕೆಲವರಿಗೆ ಸಿಂಹದ್ದು. 1939ರಲ್ಲಿ ಹೆಸರಿನ ಬಾಲ ಅಂಟಿಸಿದ ಬೆಲ್ಜಿಯಂನ ಮ್ಯಾಕ್ಸ್ ಪೋಲ್ ನೆನೆದದ್ದು ತಲೆ ಮೇಲೆ ಟೋಪಿ ಹೊತ್ತ ಕ್ಯಾಸೊವರಿ ಹಕ್ಕಿಯನ್ನು. ಮೀನು ನೋಡಿದ್ರೆ ಗೇಣುದ್ದವೂ ಇಲ್ಲ.

ಮೀನಿಗೆ ಈಜು ಕಲಿಸಬೇಕಾ ಅಂತೀವಲ್ಲ, ಇದಕ್ಕೆ ಸ್ವಲ್ಪ ಕಲಿಸಬಹುದಿತ್ತು. ತೇಲಿಸುವ ಗಾಳಿಚೀಲ ಕುಗ್ಗಿಹೋಗಿದೆ. ತಳದಲ್ಲೇ ಕೂತಿರುತ್ತದೆ, ಬೇಕಾದಾಗ ಕಪ್ಪೆ ಹಾಗೆ ಕುಪ್ಪಳಿಸುತ್ತದೆ. ಗೆಳೆಯನ ಮನೆಯ ಗಾಜಿನ ತೊಟ್ಟಿಯಲ್ಲಿ ಮೊದಲ ಸಲ ನೋಡಿದಾಗ, ಪಾಪ, ಕಾಯಿಲೆ ಬಿದ್ದಿದೆ ಅಂದುಕೊಂಡೆ.

ಆದರೆ ಅದರ ಊರು ಎಂಥದ್ದು ಅಂತ ಗೊತ್ತಿರಬೇಕು. ಕಿನ್ಶಾಸಾ, ಬ್ರಾಜವಿಲ್ ಎಂಬ ಎರಡು ರಾಜಧಾನಿಗಳ ನಡುವೆ ಕಾಂಗೋ ಕೆರೆಯಂತೆ ಹರಡಿಕೊಂಡಿದೆ. ಅಲ್ಲಿಂದ ಕೆಳಗೆ ಮಟಾಡಿ ಬಂದರಿನವರೆಗೆ ಸುಮಾರು 350 ಕಿ.ಮೀ. ಬಂಡೆಗಳ ನಡುವೆ ಮೊರೆಯುತ್ತಾ ಇಳಿಯುತ್ತದೆ. ಅಂಥ ಸೆಳವಿನಲ್ಲಿ ಸುಮ್ನೆ ತೇಲುತ್ತಾ ನಿಂತರೆ ಅಟ್ಲಾಂಟಿಕ್ಕೇ ಗತಿ. ಬಂಡೆ ಸಂದಿಯಲ್ಲಿ ಕೂತು ಹೊಟ್ಟೆ ಹೊರೆಯುವುದೇ ವಾಸಿ ಅಲ್ವಾ?

ಸಂಸಾರದಲ್ಲಂತೂ ಎತ್ತಿದ ಕೈ. ಒಮ್ಮೆ ಜೋಡಿಯಾದರೆ ಒಬ್ಬರನ್ನೊಬ್ಬರು ಸುಲಭಕ್ಕೆ ಬಿಡುವುದಿಲ್ಲ. ಕಲ್ಲಿನಡಿಯ ಮರಳನ್ನು ಬಾಯಿತುಂಬಾ ತಂದು ಹೊಸ್ತಿಲಾಚೆ ಥೂ ಅಂತ ಉಗುಳುವುದು, ಮತ್ತೆ ಒಳಗೆ ಹೋಗುವುದು, ಮತ್ತೆ ಥೂ. ಹಾಗೆ ತೋಡಿದ ಗುಹೆಯಲ್ಲೇ ಮೊಟ್ಟೆ, ಬಾಗಿಲಲ್ಲಿ ಕಾವಲು.

ಗೆಳೆಯ ಒಂದು ಭಾನುವಾರ ಪೂರ್ತಿ ಕೂತು ಕಲ್ಲು, ಗಿಡ ಜೋಡಿಸಿದ್ದ. ಬುಧವಾರದ ಹೊತ್ತಿಗೆ ಗಿಡಗಳು ಬೇರುಸಮೇತ ಮೇಲೆ ತೇಲುತ್ತಿದ್ದವು. ದೊಡ್ಡ ಕಲ್ಲು ಒಂದು ಮಗ್ಗುಲಿಗೆ ಕುಸಿದಿತ್ತು.

"ಕೊಬ್ಬು ನೋಡೋ ಇದಕ್ಕೆ!" ಅಂದ.

ಅಂಗಿಯ ತೋಳು ಮಡಚಿಕೊಂಡು ಕಲ್ಲು ಸರಿಮಾಡಲು ನೀರಿಗೆ ಕೈ ಹಾಕಿದ. ಮರಳಗುಡ್ಡೆ ಮೇಲೆ ಕೂತಿದ್ದ ಗಂಡು ಬುಗುಟೆ ಎತ್ತಿ ಒಂದು ಸಲ ಕುಪ್ಪಳಿಸಿತು. ಹಿಂದಕ್ಕಲ್ಲ, ಅವನ ಕೈ ಕಡೆಗೇ.